ತುದಿಯಲ್ಲಿ ಅಗಲವಾಗುವ ದಪ್ಪಕ್ಷರ: ಓದುಗರ ಪ್ರಶ್ನೆಗಳಿಗೆ ಉತ್ತರ

ಆಲ್ಬರ್ಟಸ್ ಎಂಬ ಅಕ್ಷರವಿನ್ಯಾಸದ ಬಗ್ಗೆ ಕಳೆದ ಸಂಚಿಕೆಯಲ್ಲಿ ಬರೆದ ಟಿಪ್ಪಣಿಗೆ ಬಂದ ಪತ್ರಗಳಲ್ಲಿ ಕೆಲವನ್ನು ಇಲ್ಲಿ ಎತ್ತಿಕೊಂಡಿದ್ದೇನೆ. ಬರೆದವರಲ್ಲಿ ವಿದ್ಯಾರ್ಥಿಗಳಿದ್ದಾರೆ, ಬೋರ್ಡ್ ಬರೆಯುವವರಿದ್ದಾರೆ, ಅಂಗಡಿಯವರಿದ್ದಾರೆ. ಗೆರೆಯ ತುದಿ ಅಗಲವಾದರೆ ಅಕ್ಷರಕ್ಕೆ ಏನು ಲಾಭ ಎಂಬುದು ಎಲ್ಲರ ಕುತೂಹಲ. ಉಳಿ, ಬ್ರಷ್ಷು ಕೆಲಸ ಮಾಡಿದ ಗುರುತು ಆ ಅಗಲದಲ್ಲಿ ಉಳಿದಿದೆ. ಅದನ್ನು ಬರೀ ಅಲಂಕಾರ ಎಂದುಕೊಂಡು ಬಳಸಿದರೆ ಅಕ್ಷರ ಸೋಲುತ್ತದೆ. ಕೆಳಗಿನ ಉತ್ತರಗಳೆಲ್ಲ ಈ ಮಾತಿನ ಸುತ್ತಲೇ ಇವೆ.

ನಮ್ಮ ಕ್ಲಾಸಿನಲ್ಲಿ ಸೆರಿಫ್ ಮತ್ತು ಸಾನ್ಸ್ ಸೆರಿಫ್ ಎಂದು ಎರಡೇ ಬಗೆ ಹೇಳಿಕೊಟ್ಟರು. ನೀವು ಆಲ್ಬರ್ಟಸ್ ಅನ್ನು ಫ್ಲೇರ್ಡ್ ಸೆರಿಫ್ ಎಂದಿದ್ದೀರಿ. ಇದು ಯಾವುದಕ್ಕೆ ಸೇರುತ್ತದೆ ಸರ್? ನೋಡಿದ ಕೂಡಲೇ ಗುರುತಿಸುವುದು ಹೇಗೆ?
— ದೃಶ್ಯಕಲಾ ವಿದ್ಯಾರ್ಥಿನಿ, ಮೈಸೂರು

ಟೈಮ್ಸ್ ನ್ಯೂ ರೋಮನ್‌ನ ಕ್ಯಾಪಿಟಲ್ 'ಐ' ಅಕ್ಷರವನ್ನು ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ ನೋಡಮ್ಮ. ನೇರ ಗೆರೆ ಇಳಿದು ಬರುತ್ತದೆ, ಅದರ ಪಾದಕ್ಕೆ ಅಡ್ಡಲಾಗಿ ಒಂದು ತೆಳು ಪಟ್ಟಿ ಇರುತ್ತದೆ. ಅದು ಸೆರಿಫ್. ಹೆಲ್ವೆಟಿಕಾದಲ್ಲಿ ಆ ಪಟ್ಟಿ ಇಲ್ಲ, ಗೆರೆ ಬೋಳಾಗಿ ಮುಗಿಯುತ್ತದೆ. ಆಲ್ಬರ್ಟಸ್‌ನಲ್ಲಿ ಗೆರೆಯ ನಡು ಸ್ವಲ್ಪ ಸಣ್ಣ, ತುದಿಗೆ ಹೋದಂತೆ ಮೆಲ್ಲಗೆ ಅಗಲ. ಗೆರೆ ಎಲ್ಲಿ ಮುಗಿಯಿತು, ಸೆರಿಫ್ ಎಲ್ಲಿ ಶುರುವಾಯಿತು ಎಂದು ಬೆರಳಿಟ್ಟು ತೋರಿಸಲು ಬರುವುದಿಲ್ಲ. ಗುರುತಿಸಲು ಇದೊಂದೇ ಲಕ್ಷಣ ಸಾಕು.

ಫ್ರಾನ್ಸಿನ ಮ್ಯಾಕ್ಸಿಮಿಲಿಯನ್ ವಾಕ್ಸ್ 1954ರಲ್ಲಿ ಅಚ್ಚಕ್ಷರಗಳನ್ನು ವರ್ಗೀಕರಿಸಿದಾಗ ಕೆತ್ತಿದಂತೆ ಕಾಣುವ ಇಂಥ ಅಕ್ಷರಗಳಿಗೆ ಪ್ರತ್ಯೇಕ ಗುಂಪನ್ನೇ ಮಾಡಿದರು. ಆದ್ದರಿಂದ ನಿಮ್ಮ ಎರಡು ಬಗೆಯ ಪಕ್ಕಕ್ಕೆ ಇದನ್ನು ಮೂರನೆಯದಾಗಿ ಬರೆದುಕೊಳ್ಳಿ. ಈ ಗುಂಪಿನ ಒಳಗೂ ಏರಿಳಿತವಿದೆ. ಹರ್ಮನ್ ಜಾಫ್ ಅವರ ಆಪ್ಟಿಮಾದಲ್ಲಿ ಅಗಲ ಕಣ್ಣಿಗೆ ಬಿದ್ದೂ ಬೀಳದಷ್ಟು. 1950ರಲ್ಲಿ ಫ್ಲಾರೆನ್ಸಿನ ಸಾಂತಾ ಕ್ರೋಚೆ ಚರ್ಚಿನ ಕಲ್ಲುಗಳ ಮೇಲಿನ ಅಕ್ಷರ ಕಂಡು, ಕೈಯಲ್ಲಿ ಬೇರೆ ಕಾಗದ ಇಲ್ಲದೆ ಅವರು ಸಾವಿರ ಲೀರಾದ ನೋಟಿನ ಮೇಲೆ ಮೊದಲ ಚಿತ್ರ ಬರೆದುಕೊಂಡರು. 1958ರಲ್ಲಿ ಅದು ಅಚ್ಚುಮೊಳೆಯಾಗಿ ಹೊರಬಂತು. ವಾಷಿಂಗ್ಟನ್ನಿನ ವಿಯೆಟ್ನಾಂ ಯುದ್ಧ ಸ್ಮಾರಕದ ಕಪ್ಪು ಕಲ್ಲಿನ ಮೇಲೆ 58 ಸಾವಿರಕ್ಕೂ ಹೆಚ್ಚು ಹೆಸರುಗಳನ್ನು ಕೆತ್ತಿರುವುದು ಆಪ್ಟಿಮಾದಲ್ಲೇ. ಅಷ್ಟು ಹೆಸರುಗಳನ್ನು ಸಾಲಾಗಿ ಓದಿಸಲು ಅಂಥ ಸಂಯಮದ ಅಕ್ಷರ ಬೇಕಿತ್ತು. ಆಲ್ಬರ್ಟಸ್ ಇನ್ನೊಂದು ಕೊನೆಯಲ್ಲಿದೆ: ದಪ್ಪ, ಗಟ್ಟಿ, ಕೆಲವೇ ಪದಗಳಿಗೆಂದು ಹುಟ್ಟಿದ್ದು.

ನಾನು ಕೆಲಸ ಮಾಡುವುದು ಲಂಡನ್ನಿನ ಹಳೆಯ 'ಸಿಟಿ' ಭಾಗದಲ್ಲಿ. ಅಲ್ಲಿನ ಬೀದಿ ಹೆಸರಿನ ಫಲಕಗಳಲ್ಲಿರುವುದು ಆಲ್ಬರ್ಟಸ್ ಎಂದು ನಿಮ್ಮ ಟಿಪ್ಪಣಿಯಿಂದ ತಿಳಿಯಿತು. ದಿನಾ ನೋಡುವ ಅಕ್ಷರ. ಇದನ್ನು ಬರೆದವರ ಬಗ್ಗೆ ಹೇಳುತ್ತೀರಾ?
— ಸಾಫ್ಟ್‌ವೇರ್ ಎಂಜಿನಿಯರ್, ಲಂಡನ್

ಬರ್ತೋಲ್ಡ್ ವೋಲ್ಪೆ 1905ರಲ್ಲಿ ಜರ್ಮನಿಯ ಆಫನ್‌ಬಾಖ್‌ನಲ್ಲಿ ಹುಟ್ಟಿದವರು. ಮೊದಲು ಕಲಿತದ್ದು ಲೋಹದ ಕೆಲಸ, ಆಮೇಲೆ ಅದೇ ಊರಿನಲ್ಲಿ ರುಡಾಲ್ಫ್ ಕೋಖ್ ಅವರ ಬಳಿ ಅಕ್ಷರಕಲೆ. ಕಂಚಿನ ಫಲಕಗಳಿಗೆ ಅವರು ಅಕ್ಷರ ಮೂಡಿಸುತ್ತಿದ್ದ ಕ್ರಮದಲ್ಲಿ ನಿಮ್ಮ ಬೀದಿ ಫಲಕದ ಗುಟ್ಟಿದೆ. ಅಕ್ಷರವನ್ನು ಅವರು ಒಳಕ್ಕೆ ತೋಡುತ್ತಿರಲಿಲ್ಲ, ಸುತ್ತಲಿನ ಲೋಹವನ್ನು ಉಳಿಯಿಂದ ಕಡಿದು ತೆಗೆದು ಅಕ್ಷರವನ್ನು ಉಬ್ಬಾಗಿ ಉಳಿಸುತ್ತಿದ್ದರು. ಹೊರಗಿನಿಂದ ಒಳಕ್ಕೆ ಕಡಿಯುತ್ತ ಬಂದರೆ ಕೂದಲೆಳೆಯ ಸೆರಿಫ್ ಉಳಿಯುವುದು ಕಷ್ಟ. ರೂಪ ಸರಳವಾಗುತ್ತದೆ, ಮೈ ದಪ್ಪವಾಗುತ್ತದೆ, ಅಂಚು ಹರಿತವಾಗಿ ನಿಲ್ಲುತ್ತದೆ.

ಮಾನೊಟೈಪ್ ಕಂಪನಿಯ ಸಲಹೆಗಾರರಾಗಿದ್ದ ಸ್ಟಾನ್ಲಿ ಮಾರಿಸನ್ 1932ರಲ್ಲಿ ಆ ಕಂಚಿನ ಕೆಲಸ ಮೆಚ್ಚಿ, ಅದೇ ನಡೆಯಲ್ಲಿ ಅಚ್ಚಿನ ಕ್ಯಾಪಿಟಲ್ ಅಕ್ಷರಗಳನ್ನು ಮಾಡಿಕೊಡಿ ಎಂದು ವೋಲ್ಪೆಯವರನ್ನು ಕೇಳಿದರು. ನಾಜಿ ಆಡಳಿತ ಯಹೂದಿ ಕಲಾವಿದರಿಗೆ ಕೆಲಸದ ದಾರಿಯನ್ನೇ ಮುಚ್ಚಿತ್ತು. ಯಹೂದಿಯಾಗಿದ್ದ ವೋಲ್ಪೆ 1935ರಲ್ಲಿ ಇಂಗ್ಲೆಂಡಿಗೆ ಬಂದು ನೆಲೆಸಿದರು. ಅದೇ ವರ್ಷ ಕ್ಯಾಪಿಟಲ್ ಅಕ್ಷರಗಳು ಹೊರಬಂದವು. ಸಣ್ಣಕ್ಷರಗಳೂ ಉಳಿದ ತೂಕಗಳೂ (ಗೆರೆಯ ದಪ್ಪದ ಬೇರೆ ಬೇರೆ ಹಂತಗಳು) ಸೇರಿ 1940ರ ಹೊತ್ತಿಗೆ ಕುಟುಂಬ ಪೂರ್ತಿಯಾಯಿತು. ಹೆಸರು 13ನೆಯ ಶತಮಾನದ ತತ್ತ್ವಜ್ಞಾನಿ ಆಲ್ಬರ್ಟಸ್ ಮ್ಯಾಗ್ನಸ್ ಅವರದು.

ಬೀದಿ ಫಲಕಕ್ಕೆ ಇದು ಒಗ್ಗುವುದಕ್ಕೆ ಕಾರಣವಿದೆ. ದೂರದಿಂದ ನೋಡುವಾಗ, ಮಂದ ಬೆಳಕಿನಲ್ಲಿ ನೋಡುವಾಗ ಅಕ್ಷರದ ಮೂಲೆಗಳು ಕಣ್ಣಿಗೆ ಮೊದಲು ಕರಗುತ್ತವೆ. ಬೋಳು ತುದಿಯ ಗೆರೆ ಆಗ ಇನ್ನೂ ಸಣ್ಣದಾಗಿ, ಉರುಟಾಗಿ ತೋರುತ್ತದೆ. ತುದಿಯಲ್ಲಿ ಮೊದಲೇ ಒಂದಿಷ್ಟು ಹೆಚ್ಚು ಮೈ ಇಟ್ಟಿದ್ದರೆ ಕರಗಿದ ಮೇಲೂ ಗೆರೆ ನೇರವಾಗಿ ಕಾಣುತ್ತದೆ. ಮುಂದಿನ ಸಲ ಫಲಕದ ಹತ್ತಿರ ನಿಂತು ನೋಡಿ, ಆಮೇಲೆ ರಸ್ತೆಯಾಚೆ ಹೋಗಿ ನೋಡಿ. ಹತ್ತಿರದಲ್ಲಿ ಎದ್ದು ಕಾಣುವ ಅಗಲ ದೂರದಲ್ಲಿ ಬರೀ ಗಟ್ಟಿತನವಾಗಿ ಉಳಿದಿರುತ್ತದೆ.

ನಮ್ಮಪ್ಪನ ಕಾಲದಿಂದ ಬೋರ್ಡ್ ಬರೆಯುವ ಕೆಲಸ. ಚಪ್ಪಟೆ ಬ್ರಷ್ಷಿನಲ್ಲಿ ಇಂಗ್ಲಿಷ್ ಅಕ್ಷರ ಎಳೆದರೆ ಶುರುವಿನಲ್ಲೂ ಕೊನೆಯಲ್ಲೂ ಗೆರೆ ತಾನೇ ಅಗಲವಾಗುತ್ತದೆ. ಅದನ್ನು ಒರೆಸಿ ನೇರ ಮಾಡುತ್ತಿದ್ದೆವು. ಒರೆಸಬಾರದಿತ್ತೇ?
— ಬೋರ್ಡ್ ಕಲಾವಿದರು, ದಾವಣಗೆರೆ

ಗಿರಾಕಿ ಕೇಳಿದ್ದು ನೇರ ಅಕ್ಷರವಾದರೆ ಒರೆಸಿದ್ದು ಸರಿಯೇ. ಆದರೆ ನಿಮ್ಮ ಕೈ ಮಾಡುತ್ತಿದ್ದದ್ದು ಬಹಳ ಹಳೆಯ ಕೆಲಸ ಅಣ್ಣ. ರೋಮಿನಲ್ಲಿ ಟ್ರಾಜನ್ ಚಕ್ರವರ್ತಿಯ ಸ್ತಂಭವಿದೆ, ಕ್ರಿ.ಶ. 113ರದು. ಅದರ ಬುಡದ ಶಾಸನದ ಅಕ್ಷರಗಳು ಇಂದಿಗೂ ರೋಮನ್ ಕ್ಯಾಪಿಟಲ್‌ಗಳಿಗೆ ಮಾದರಿ. ಆ ಸೆರಿಫ್‌ಗಳು ಉಳಿಯ ಏಟಿನಿಂದ ಹುಟ್ಟಿದವು ಎಂದು ಬಹುಕಾಲ ನಂಬಿದ್ದರು. ಅದನ್ನು ಬಲವಾಗಿ ಪ್ರಶ್ನಿಸಿದವರು ಅಮೆರಿಕದ ಎಡ್ವರ್ಡ್ ಕ್ಯಾಟಿಚ್. ಪಾದ್ರಿಯಾಗುವ ಮೊದಲು ಅವರು ಷಿಕಾಗೊದಲ್ಲಿ ನಿಮ್ಮ ಹಾಗೆ ಬೋರ್ಡ್ ಬರೆಯುತ್ತಿದ್ದವರು. ಚಪ್ಪಟೆ ಬ್ರಷ್ಷನ್ನು ಊರಿ, ಎಳೆದು, ಕೊನೆಗೆ ತಿರುಗಿಸಿ ಎತ್ತಿದರೆ ಆ ಸ್ತಂಭದ ಅಕ್ಷರಗಳ ತುದಿಗಳು ಹಾಗೇ ಬರುತ್ತವೆ, ಕಲ್ಲುಕುಟಿಗ ಬ್ರಷ್ಷಿನ ಗುರುತನ್ನು ಅನುಸರಿಸಿ ಕೆತ್ತಿದ ಎಂದು ಅವರು 1968ರಲ್ಲಿ ಸೆರಿಫ್‌ನ ಮೂಲದ ಕುರಿತು ಬರೆದ ಪುಸ್ತಕದಲ್ಲಿ ವಾದಿಸಿದರು.

ಆದ್ದರಿಂದ ನಿಮ್ಮಲ್ಲಿ ಒಂದು ವಿನಂತಿ. ಗಿರಾಕಿ ಒಪ್ಪಿದ ಕಡೆ ಆ ತುದಿಯನ್ನು ಒರೆಸದೆ ಬಿಡಿ, ಆದರೆ ಪ್ರತಿ ಅಕ್ಷರದಲ್ಲೂ ಒಂದೇ ಅಳತೆಗೆ ಬಿಡಿ. ಬ್ರಷ್ಷು ಊರುವ ಒತ್ತಡವೂ ಎತ್ತುವ ಕೋನವೂ ಎಲ್ಲ ಅಕ್ಷರದಲ್ಲಿ ಒಂದೇ ಇದ್ದರೆ ಬೋರ್ಡಿಗೆ ಶಿಸ್ತು ಬರುತ್ತದೆ. ನಿಮ್ಮ ಹತ್ತಿರ ಹಳೆಯ ಬೋರ್ಡುಗಳ ಫೋಟೊ ಇದ್ದರೆ ಜೋಪಾನ ಮಾಡಿ. ಹೊಸದಾಗಿ ಫಾಂಟ್ ಮಾಡುವವರಿಗೆ ಅವು ಪಾಠದ ಪುಸ್ತಕಗಳು.

ಅನುವಾದಿತ ಕಾದಂಬರಿಗಳ ಮುಖಪುಟ ಮಾಡುತ್ತೇನೆ. ಮೂಲ ಇಂಗ್ಲಿಷ್ ಹೆಸರಿಗೆ ದಪ್ಪನೆಯ ಫ್ಲೇರ್ಡ್ ಅಕ್ಷರ ಹಾಕಿದೆ. ಪ್ರಕಾಶಕರಿಗೆ ಇಷ್ಟವಾಗಿ, ಒಳಗಿನ ಇಂಗ್ಲಿಷ್ ಉಲ್ಲೇಖಗಳಿಗೂ ಬೆನ್ನುಡಿಗೂ ಅದನ್ನೇ ಹಾಕಿ ಎನ್ನುತ್ತಿದ್ದಾರೆ. ಏನು ಮಾಡಲಿ?
— ಮುಖಪುಟ ವಿನ್ಯಾಸಕಿ, ಧಾರವಾಡ

ಬೇಡ ಎಂದು ಗಟ್ಟಿಯಾಗಿ ಹೇಳಿ. ಹೇಳುವಾಗ ಒಂದು ಪುಟ ಮುದ್ರಿಸಿ ತೋರಿಸಿ. 10 ಪಾಯಿಂಟಿನಲ್ಲಿ ಆ ಅಗಲವೆಲ್ಲ ಮಸಿಯಲ್ಲಿ ಮುಳುಗಿ ಹೋಗುತ್ತದೆ. ಅಕ್ಷರದ ಒಳಗಿನ ಬಿಳಿ ಕಿರಿದಾಗಿ, ಇಡೀ ಪ್ಯಾರಾ ಕಪ್ಪು ಮುದ್ದೆಯಾಗುತ್ತದೆ. ಇಂಥ ದಪ್ಪಕ್ಷರ 24 ಪಾಯಿಂಟಿನ ಮೇಲೆ ಉಸಿರಾಡಲು ಶುರುಮಾಡುತ್ತದೆ, 48ರ ಮೇಲೆ ತನ್ನ ಗುಣ ತೋರಿಸುತ್ತದೆ ಎಂಬುದು ನಾನು ಇಟ್ಟುಕೊಂಡಿರುವ ಲೆಕ್ಕ. ಐದಾರು ಪದಗಳಿಗಿಂತ ಹೆಚ್ಚು ಕೊಡಬೇಡಿ. ಒಳಪುಟಕ್ಕೆ ಸಾಧಾರಣ ತೂಕದ ಸೆರಿಫ್ ಇಡಿ. ಮುಖಪುಟದ ದಪ್ಪಕ್ಕೂ ಒಳಪುಟದ ತಿಳಿಗೂ ಅಂತರ ಸ್ಪಷ್ಟವಾಗಿದ್ದರೇ ಚೆನ್ನ.

ಪ್ರಕಾಶಕರಿಗೆ ವೋಲ್ಪೆಯವರ ಉದಾಹರಣೆ ಕೊಡಿ. 1941ರಿಂದ 1975ರವರೆಗೆ ಲಂಡನ್ನಿನ ಫೇಬರ್ ಅಂಡ್ ಫೇಬರ್ ಪ್ರಕಾಶನದಲ್ಲಿದ್ದು ಅವರು 1500ಕ್ಕೂ ಹೆಚ್ಚು ಪುಸ್ತಕಗಳ ಹೊದಿಕೆ ಮಾಡಿದರು. ಆಲ್ಬರ್ಟಸ್ ಅಥವಾ ಅದೇ ಜಾತಿಯ ಕೈಬರಹದ ದೊಡ್ಡ ಅಕ್ಷರ, ಎರಡು ಮೂರು ಬಣ್ಣ. ಎಷ್ಟೋ ಹೊದಿಕೆಗಳಲ್ಲಿ ಚಿತ್ರವೇ ಇಲ್ಲ, ಪುಸ್ತಕದ ಹೆಸರೂ ಲೇಖಕರ ಹೆಸರೂ ಸೇರಿಯೇ ಚಿತ್ರವಾಗಿವೆ.

ಕ್ಯಾಪಿಟಲ್‌ಗಳಲ್ಲಿ ಹೆಸರು ಹಾಕಿದಾಗ ಅಕ್ಷರಗಳ ನಡುವೆ ಒಂದಿಷ್ಟು ಜಾಗ ಹೆಚ್ಚಿಸಿ. ಅಗಲವಾದ ಪಾದಗಳು ಒಂದಕ್ಕೊಂದು ತಾಗುವಂತೆ ಬಂದರೆ ಬುಡದಲ್ಲಿ ಕಪ್ಪು ಪಟ್ಟಿ ಹಾಸಿದಂತಾಗುತ್ತದೆ. ನೆರಳು, ಹೊರಗೆರೆ, ಉಬ್ಬಿಸುವ ಎಫೆಕ್ಟ್ ಯಾವುದನ್ನೂ ಸೇರಿಸಬೇಡಿ, ಕೆತ್ತಿದ ಭಾವ ಅಕ್ಷರದ ಆಕಾರದಲ್ಲೇ ಇದೆ. ವಸ್ತುವಿಗೆ ಹೊಂದುತ್ತದೆಯೇ ಎಂಬುದನ್ನೂ ಯೋಚಿಸಿ. 1967ರ ಬ್ರಿಟಿಷ್ ಟಿವಿ ಸರಣಿ 'ದಿ ಪ್ರಿಸನರ್' ಆಲ್ಬರ್ಟಸ್ ಅನ್ನು ಸ್ವಲ್ಪ ತಿದ್ದಿ, ಸಣ್ಣ 'ಐ' ಮೇಲಿನ ಚುಕ್ಕೆ ತೆಗೆದು, ಯಾರನ್ನೂ ಹೊರಬಿಡದ ಹಳ್ಳಿಯ ಫಲಕಗಳಿಗೆಲ್ಲ ಬಳಸಿತು. ಜಾನ್ ಕಾರ್ಪೆಂಟರ್ ತಮ್ಮ ಹಲವು ಭಯದ ಚಿತ್ರಗಳ ಶೀರ್ಷಿಕೆಗೆ ಇದನ್ನೇ ಆರಿಸಿಕೊಂಡರು. ಅಧಿಕಾರ, ಹಳಮೆ, ನಿಗೂಢ ಇರುವ ಕಾದಂಬರಿಗೆ ಇದು ಕೂಡುತ್ತದೆ. ಲಘು ಹಾಸ್ಯದ ಪುಸ್ತಕಕ್ಕೆ ಬೇರೆ ಹುಡುಕಿ.

ಸ್ವಂತ ಫಾಂಟ್ ಮಾಡುತ್ತಿದ್ದೇನೆ, ದಪ್ಪನೆಯ ಫ್ಲೇರ್ಡ್ ಕ್ಯಾಪಿಟಲ್‌ಗಳು. ರೆಗ್ಯುಲರ್ ಚೆನ್ನಾಗಿ ಬಂತು. ಬೋಲ್ಡ್ ಮಾಡಲು ಹೊರಗೆರೆಯನ್ನು ಸುತ್ತಲೂ ಹಿಗ್ಗಿಸಿದೆ. ಅಕ್ಷರಗಳೆಲ್ಲ ಊದಿಕೊಂಡಂತೆ ಕಾಣುತ್ತಿವೆ. ಎಲ್ಲಿ ತಪ್ಪಿದೆ?
— ಅಕ್ಷರವಿನ್ಯಾಸ ಕಲಿಯುತ್ತಿರುವವ, ಬೆಂಗಳೂರು

ಹಿಗ್ಗಿಸಿದ್ದರಲ್ಲೇ ತಪ್ಪಿದೆ. ಸುತ್ತಲೂ ಸಮನಾಗಿ ಹಿಗ್ಗಿಸಿದಾಗ ನಡುವಿಗೂ ತುದಿಗೂ ಒಂದೇ ಅಳತೆ ಸೇರುತ್ತದೆ. ನಡು 80, ತುದಿ 104 ಯೂನಿಟ್ ಇದ್ದ ಗೆರೆಗೆ ಎರಡೂ ಬದಿ 40ರಂತೆ ಸೇರಿಸಿದರೆ ನಡು 160, ತುದಿ 184. ಮೊದಲು ತುದಿ ನಡುವಿಗಿಂತ ಶೇಕಡಾ 30 ಅಗಲವಿತ್ತು, ಈಗ 15 ಮಾತ್ರ. ಹೀಗೆ ಅರಳಿದ ಭಾವವೂ ಹೋಯಿತು, ಮೂಲೆಗಳ ಹರಿತವೂ ಹೋಯಿತು. ಬೋಲ್ಡ್ ಅನ್ನು ಬೇರೆಯಾಗಿ ಬರೆಯಬೇಕು. ಎರಡೂ ತೂಕಗಳಲ್ಲಿ ಬಿಂದುಗಳ ಸಂಖ್ಯೆ, ಕ್ರಮ ಒಂದೇ ಇಟ್ಟುಕೊಂಡರೆ ನಡುವಿನ ತೂಕಗಳನ್ನು ಸಾಫ್ಟ್‌ವೇರ್ ಹುಟ್ಟಿಸಿಕೊಡುತ್ತದೆ.

ಬರೆಯುವಾಗ ಈ ಕ್ರಮ ಹಿಡಿಯಿರಿ. ಮೊದಲು 'ಎಚ್' ಮತ್ತು 'ಓ'. 'ಎಚ್'ನ ನೇರ ಗೆರೆಯಲ್ಲಿ ಅಗಲ ಎಲ್ಲಿಂದ ಶುರುವಾಗಬೇಕು ಎಂದು ತೀರ್ಮಾನಿಸಿ. ನಟ್ಟನಡುವಿನಿಂದಲೇ ಬಾಗಿಸಿದರೆ ಗೆರೆ ಡಮರುವಿನ ಹಾಗಾಗುತ್ತದೆ. ನಡುವಿನ ಮೂರನೆಯ ಒಂದು ಭಾಗ ಹೆಚ್ಚುಕಡಿಮೆ ನೇರವಾಗಿಯೇ ಇರಲಿ, ಆಮೇಲೆ ಬಾಗು ನಿಧಾನ ಹತ್ತಲಿ, ಕೊನೆಯಲ್ಲಿ ಚುರುಕಾಗಲಿ. ಪಾದದ ಅಡಿಯನ್ನು ಕೂದಲೆಳೆಯಷ್ಟು ಒಳಕ್ಕೆ ಬಾಗಿಸಿದರೆ ಎರಡು ಮೂಲೆಗಳೂ ನೆಲಕ್ಕೆ ಊರಿ ನಿಂತಂತೆ ಕಾಣುತ್ತದೆ.

'ಓ' ಅಕ್ಷರಕ್ಕೆ ತುದಿಯೇ ಇಲ್ಲ. ಆದ್ದರಿಂದ ಅದು ಗುಂಪಿನಿಂದ ಹೊರಗುಳಿದಂತೆ ತೋರುತ್ತದೆ. ಅದರ ಪಕ್ಕಗಳನ್ನು ನೇರ ಗೆರೆಯ ನಡುವಿಗಿಂತ ಒಂದಿಷ್ಟು ದಪ್ಪ ಮಾಡಿ, ಮೇಲೂ ಕೆಳಗೂ ತೆಳುವಾಗಿಸಿ. ದಪ್ಪ ತೆಳುವಿನ ಏರಿಳಿತವೇ ಅದನ್ನು ನೆಂಟನನ್ನಾಗಿ ಮಾಡುತ್ತದೆ. 'ಸಿ', 'ಎಸ್' ಅಕ್ಷರಗಳಿಗೆ ತುದಿಯಿದೆ, ಅಲ್ಲಿ ಅಗಲ ಧಾರಾಳವಾಗಿ ಬರಲಿ. 'ಎಂ', 'ಡಬ್ಲ್ಯು'ಗಳಲ್ಲಿ ಗೆರೆಗಳು ಕೂಡುವ ಜಾಗದಲ್ಲಿ ಕಪ್ಪು ಶೇಖರವಾಗುತ್ತದೆ, ಅಲ್ಲಿ ಗೆರೆಯನ್ನು ಸಣ್ಣ ಮಾಡಿ. ದಪ್ಪ ಹೆಚ್ಚಾದಷ್ಟೂ ಅಕ್ಷರದ ಒಟ್ಟು ಅಗಲವನ್ನೂ ಹೆಚ್ಚಿಸಿ. ಒಳಗಿನ ಬಿಳಿ ಸತ್ತರೆ ಅಕ್ಷರವೇ ಸತ್ತಂತೆ.

ಅಂತರವನ್ನು ಕಡೆಗೆ ಉಳಿಸಬೇಡಿ. ಎರಡು 'ಎಚ್'ಗಳ ನಡುವಿನ ಜಾಗ ನಡುವಿನಲ್ಲಿ ಹೆಚ್ಚು, ಪಾದದಲ್ಲಿ ಕಡಿಮೆ. ಯಾವುದೋ ಒಂದು ಎತ್ತರದಲ್ಲಿ ಅಳೆದ ಸಂಖ್ಯೆ ಇಲ್ಲಿ ಮೋಸ ಮಾಡುತ್ತದೆ. ಪದಗಳನ್ನು ದೊಡ್ಡದಾಗಿ ಮುದ್ರಿಸಿ, ಗೋಡೆಗೆ ಅಂಟಿಸಿ, ತಲೆಕೆಳಗು ಮಾಡಿಯೂ ನೋಡಿ. ಓದಲು ಬಾರದಂತೆ ತಿರುಗಿಸಿದಾಗ ಕಪ್ಪು ಬಿಳಿಯ ಏರುಪೇರು ಬೇಗ ಸಿಕ್ಕಿಬೀಳುತ್ತದೆ. ಮಾನೊಟೈಪ್ 2017ರಲ್ಲಿ ತೋಶಿ ಒಮಗಾರಿ ಅವರಿಂದ ಮಾಡಿಸಿದ 'ಆಲ್ಬರ್ಟಸ್ ನೋವಾ'ದ ಅತಿ ತೆಳು ಮತ್ತು ಅತಿ ದಪ್ಪ ರೂಪಗಳನ್ನು ಒಂದರ ಮೇಲೊಂದು ಇಟ್ಟು ಅಭ್ಯಾಸ ಮಾಡಿ. ಅಗಲ ಯಾವ ತೂಕದಲ್ಲಿ ಎಷ್ಟು ಬದಲಾಗುತ್ತದೆ ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಪಾಠ ಬೇಡ.

ಕನ್ನಡಕ್ಕೂ ಇಂಥ ಅಕ್ಷರ ಮಾಡಲು ಬರುತ್ತದೆಯೇ? ನಮ್ಮ ಅಕ್ಷರಗಳು ದುಂಡಗೆ. ತುದಿಯೇ ಕಡಿಮೆ. ಇಂಗ್ಲಿಷಿನ ತುದಿಗಳನ್ನು ಕತ್ತರಿಸಿ ಅಂಟಿಸಿದ ಕೆಲವು ಲೋಗೊಗಳನ್ನು ನೋಡಿದ್ದೇನೆ, ಮನಸ್ಸಿಗೆ ಹಿಡಿಸಲಿಲ್ಲ.
— ಗ್ರಾಫಿಕ್ ಡಿಸೈನರ್, ಉಡುಪಿ

ಹಿಡಿಸದಿದ್ದದ್ದು ಸರಿಯೇ. ಅಂಟಿಸಿದ ತುದಿಗೆ ಕೈಯ ಚಲನೆಯ ಆಧಾರವಿಲ್ಲ. ಕನ್ನಡ ಬರೆಯುವಾಗ ಕೈ ಎಲ್ಲಿ ಶುರುಮಾಡುತ್ತದೆ, ಎಲ್ಲಿ ಎತ್ತುತ್ತದೆ ಎಂಬುದನ್ನು ಹಿಡಿದು ಹೊರಟರೆ ಜಾಗಗಳು ತಾವೇ ಸಿಗುತ್ತವೆ. ಮೊದಲನೆಯದು ತಲೆಕಟ್ಟು. ಕ, ಗ, ತ, ನ, ರ, ಸಗಳ ತಲೆಕಟ್ಟು ಬಲಕ್ಕೆ ಏರಿ ಮುಗಿಯುವ ತುದಿ ಅಗಲವಾಗಲು ಕಾದಿರುವಂತಿದೆ. ಆದರೆ ಖ, ಜ, ಟ, ಣ, ಬ, ಲಗಳಿಗೆ ತಲೆಕಟ್ಟಿಲ್ಲ. ಅವುಗಳ ಆರಂಭದ ಸುರುಳಿಗೋ ಕೊನೆಯ ಗೆರೆಗೋ ಅದೇ ತೂಕದ ಅಗಲ ಕೊಡದಿದ್ದರೆ 'ಬಲ' ಎಂಬ ಪದ ಒಂದು ಜಾತಿ, 'ಕನಸು' ಎಂಬ ಪದ ಇನ್ನೊಂದು ಜಾತಿಯಾಗಿ ಕಾಣುತ್ತವೆ. ಕೊಂಬು, ಏತ್ವ, ದೀರ್ಘಗಳ ಕೊನೆಗಳೂ ಇದೇ ನಿಯಮಕ್ಕೆ ಬರಬೇಕು. ಗುಡಿಸು ಬಂದಾಗ ತಲೆಕಟ್ಟು ಮಾಯವಾಗಿ ಅಲ್ಲೊಂದು ಗುಂಡು ಬರುತ್ತದೆ. ತುದಿಯಿಲ್ಲದ ಆ ಜಾಗದಲ್ಲಿ ಗೆರೆಯ ದಪ್ಪ ತೆಳುವೇ ಕೆಲಸ ಮಾಡಬೇಕು.

ದಪ್ಪದ ಅಪಾಯ ಕನ್ನಡಕ್ಕೆ ಹೆಚ್ಚು. ಪ, ಫ, ಷ ಮೂರಕ್ಕೂ ಇರುವ ವ್ಯತ್ಯಾಸ ಬುಡದಲ್ಲೋ ಹೊಟ್ಟೆಯೊಳಗೋ ಇರುವ ಒಂದು ಸಣ್ಣ ಗೆರೆ. ದ, ಧಗಳದ್ದೂ ಅದೇ ಕಥೆ. ಗೆರೆ ದಪ್ಪವಾದಂತೆ ಆ ಗುರುತು ಕಪ್ಪಿನಲ್ಲಿ ಮುಚ್ಚಿಹೋಗುತ್ತದೆ. ಅದನ್ನು ಉಳಿಸಲು ಸುತ್ತಲಿನ ಗೆರೆಯನ್ನು ಅಲ್ಲಿ ತೆಳುವಾಗಿಸಬೇಕು. ಒತ್ತಕ್ಷರವನ್ನು ಮುಖ್ಯ ಅಕ್ಷರದಿಂದ ಕುಗ್ಗಿಸಿ ಇಟ್ಟರೆ ಗೆರೆ ಬಡಕಲಾಗಿ ಬೇರೆ ಫಾಂಟಿನದೆಂಬಂತೆ ಕಾಣುತ್ತದೆ. ಅವುಗಳನ್ನು ಒಂದೊಂದಾಗಿ ಬೇರೆಯೇ ಬರೆಯಬೇಕು. ಕೆಲಸ ದೊಡ್ಡದು, ಆದರೆ ಕನ್ನಡಕ್ಕೆ ಬೇಕಾದ ಕೆಲಸ.

ನಮ್ಮ ನೆಲದ ಕಲ್ಲುಗಳನ್ನೂ ನೋಡಿ ಬನ್ನಿ. ಶಿವಮೊಗ್ಗ ಜಿಲ್ಲೆಯ ತಾಳಗುಂದದಲ್ಲಿ 5ನೆಯ ಶತಮಾನದ ಕದಂಬರ ಸ್ತಂಭ ಶಾಸನವಿದೆ. ಭಾಷೆ ಸಂಸ್ಕೃತ, ಆದರೆ ಲಿಪಿ ನಮ್ಮ ಲಿಪಿಯ ಪೂರ್ವಿಕರ ಸಾಲಿನದು. ಅದರ ಅಕ್ಷರಗಳ ನೆತ್ತಿಯ ಮೇಲೆ ಪುಟ್ಟ ಪೆಟ್ಟಿಗೆಯಂಥ ಗುರುತುಗಳಿವೆ. ಗೆರೆಯ ಆರಂಭಕ್ಕೆ ತೂಕ ಕೊಡುವ ಕ್ರಮ ಈ ಲಿಪಿಗೆ ಹೊರಗಿನಿಂದ ಬರಬೇಕಾಗಿಲ್ಲ. ಸದ್ಯಕ್ಕೆ ಆಲ್ಬರ್ಟಸ್ ಜತೆ ಕನ್ನಡ ಇಡಬೇಕಾದರೆ ನೋಟೊ ಸೆರಿಫ್ ಕನ್ನಡದ ದಪ್ಪ ತೂಕ ಬಳಸಿ, ಅದರಲ್ಲಿ ದಪ್ಪ ತೆಳುವಿನ ಏರಿಳಿತವಿದೆ. ಕನ್ನಡ ಅಕ್ಷರದ ಎತ್ತರವನ್ನು ಇಂಗ್ಲಿಷ್ ಕ್ಯಾಪಿಟಲ್‌ಗಿಂತ ತುಸು ಕಡಿಮೆ ಇಟ್ಟು, ಒತ್ತಕ್ಷರಕ್ಕೆ ಸಾಲಿನ ಕೆಳಗೆ ಧಾರಾಳ ಜಾಗ ಬಿಡಿ.

ನಮ್ಮದು ಕಾಫಿ ಪುಡಿ ಅಂಗಡಿ. ಪ್ಯಾಕೆಟ್ ಮೇಲಿನ ಹೆಸರನ್ನು ಡಿಟಿಪಿಯವರು ಇಂಥದೇ ಅಕ್ಷರದಲ್ಲಿ ಮಾಡಿಕೊಟ್ಟರು. ಫಾಂಟಿಗೆ ದುಡ್ಡು ಕೊಡಬೇಕೇ ಎಂದು ಕೇಳಿದರೆ ಕಂಪ್ಯೂಟರಿನಲ್ಲಿ ಇತ್ತು ಅಂದರು.
— ವ್ಯಾಪಾರಿ, ಚಿಕ್ಕಮಗಳೂರು

ಕಂಪ್ಯೂಟರಿನಲ್ಲಿ ಇದ್ದ ಮಾತ್ರಕ್ಕೆ ಹಕ್ಕು ಬರುವುದಿಲ್ಲ ಯಜಮಾನರೇ. ಫಾಂಟಿನ ಹೆಸರು ಕೇಳಿ ತಿಳಿದುಕೊಳ್ಳಿ. ಆಲ್ಬರ್ಟಸ್ ಆದರೆ ಅದು ಮಾನೊಟೈಪ್ ಮಾರುವ ಫಾಂಟು, ಲೈಸೆನ್ಸ್ ಬೇಕು. ಮುದ್ರಣಕ್ಕೆ, ವೆಬ್‌ಸೈಟಿಗೆ, ಆ್ಯಪ್‌ಗೆ ಬೇರೆ ಬೇರೆ ಲೈಸೆನ್ಸ್ ಇರುತ್ತವೆ, ಕೊಳ್ಳುವಾಗ ಓದಿ. ಓಪನ್ ಫಾಂಟ್ ಲೈಸೆನ್ಸಿನಡಿ ಬಿಟ್ಟ ಫಾಂಟುಗಳನ್ನು ವ್ಯಾಪಾರಕ್ಕೂ ಉಚಿತವಾಗಿ ಬಳಸಬಹುದು. ಗೂಗಲ್ ಫಾಂಟ್ಸ್‌ನಲ್ಲಿರುವ 'ಮಾರ್ಸೆಲಸ್' ಈ ಗುಂಪಿನದೇ, ಆದರೆ ಒಂದೇ ತೂಕ. ಅದನ್ನು ಕಂಪ್ಯೂಟರಿನ 'ಬೋಲ್ಡ್' ಬಟನ್ ಒತ್ತಿ ದಪ್ಪ ಮಾಡಲು ಬಿಡಬೇಡಿ, ಮೇಲೆ ಬೆಂಗಳೂರಿನ ಗೆಳೆಯರಿಗೆ ಆದ ಹಾಗೇ ಆಗುತ್ತದೆ. ದಪ್ಪ ಬೇಕೇಬೇಕೆಂದರೆ ನಿಮ್ಮೂರಿನ ಬೋರ್ಡ್ ಕಲಾವಿದರಿಂದ ಹೆಸರನ್ನು ಬರೆಸಿ ಸ್ಕ್ಯಾನ್ ಮಾಡಿಸಿ. ಅವರಿಗೆ ಸಲ್ಲಬೇಕಾದ ಹಣ ಕೊಟ್ಟು, ಬಳಕೆಯ ಹಕ್ಕನ್ನು ಕಾಗದದಲ್ಲಿ ಬರೆಸಿಕೊಳ್ಳಿ. ಆ ಹೆಸರು ಬೇರೆ ಯಾವ ಪ್ಯಾಕೆಟ್ ಮೇಲೂ ಇರುವುದಿಲ್ಲ.

ನಮ್ಮೂರಿನ ಗ್ರಂಥಾಲಯಕ್ಕೆ ಗ್ರಾನೈಟ್ ಮೇಲೆ ಕನ್ನಡದಲ್ಲಿ ಹೆಸರು ಕೆತ್ತಿಸಬೇಕೆಂದಿದ್ದೇವೆ. ರಸ್ತೆಯಿಂದ ಸುಮಾರು 60 ಅಡಿ ಒಳಗಿದೆ. ಅಕ್ಷರ ಹೇಗಿರಬೇಕು?
— ನಿವೃತ್ತ ಶಿಕ್ಷಕರು, ತೀರ್ಥಹಳ್ಳಿ

ಮೇಷ್ಟ್ರೇ, 10 ಅಡಿ ದೂರಕ್ಕೆ 1 ಇಂಚು ಎತ್ತರ ಎಂಬುದು ಫಲಕ ಮಾಡುವವರ ಸಾಮಾನ್ಯ ಲೆಕ್ಕ. ನಿಮಗೆ 6 ಇಂಚು ಬೇಕು. ಒತ್ತಕ್ಷರ, ಕೊಂಬುಗಳನ್ನು ಬಿಟ್ಟು ಮೂಲ ಅಕ್ಷರದ ಎತ್ತರವೇ ಅಷ್ಟಿರಲಿ. ಕಲ್ಲಿನ ಅಳತೆಯನ್ನು ಆಮೇಲೆ ನಿರ್ಧರಿಸಿ. ಪಾಲಿಶ್ ಮಾಡಿದ ಕಪ್ಪು ಗ್ರಾನೈಟಿನಲ್ಲಿ ತೋಡಿದ ಅಕ್ಷರಕ್ಕೆ ನೆರಳು ಬೀಳುವುದು ಕಾಣದು, ಬಣ್ಣ ತುಂಬಲೇಬೇಕಾಗುತ್ತದೆ. ಬಣ್ಣ ಕಾಲಕಾಲಕ್ಕೆ ಮಾಸುತ್ತದೆ. ತಿಳಿ ಬಣ್ಣದ, ಪಾಲಿಶ್ ಇಲ್ಲದ ಕಲ್ಲಿನಲ್ಲಿ ಆಳವಾಗಿ ಕೆತ್ತಿಸಿದರೆ ನೆರಳೇ ಅಕ್ಷರವನ್ನು ಓದಿಸುತ್ತದೆ, ಬಣ್ಣದ ಹಂಗಿರುವುದಿಲ್ಲ. ಮಲೆನಾಡಿನ ಮಳೆಗಾಲದ ಮೋಡದ ಬೆಳಕು ಮಂದವಾದ್ದರಿಂದ ಗೆರೆ ದಪ್ಪವಾಗಿ, ತುದಿ ಅಗಲವಾಗಿ ಇರಲಿ.

ಹೆಸರು ಮಾತ್ರ ಕೆತ್ತಿಸಿ. ಉದ್ಘಾಟಕರು, ದಾನಿಗಳು, ದಿನಾಂಕ ಇವೆಲ್ಲ ಬಾಗಿಲ ಪಕ್ಕದ ಬೇರೆ ಫಲಕಕ್ಕೆ ಹೋಗಲಿ, ಅಲ್ಲಿ ಸಾಧಾರಣ ಅಕ್ಷರ ಸಾಕು. ಪೂರ್ಣ ಅಳತೆಯಲ್ಲಿ ಕಾಗದದ ಮೇಲೆ ಬರೆಸಿ ಗೋಡೆಗೆ ಅಂಟಿಸಿ, ಬೆಳಿಗ್ಗೆಯೂ ಸಂಜೆಯೂ ರಸ್ತೆಯಲ್ಲಿ ನಿಂತು ಓದಿ, ಮಕ್ಕಳಿಂದಲೂ ಓದಿಸಿ. ಕೆತ್ತುವವರನ್ನು ಆಗಲೇ ಕರೆದು ತೋರಿಸಿ. ತುದಿಯನ್ನು ಎಷ್ಟು ಅಗಲಿಸಿದರೆ ಕಲ್ಲು ಸೀಳದು ಎಂಬುದು ಉಳಿ ಹಿಡಿದವರಿಗೆ ಗೊತ್ತು, ಆ ವಿಷಯದಲ್ಲಿ ಅವರ ಮಾತೇ ಕೊನೆ. ಕಲ್ಲಿನ ಮೇಲೆ ತಪ್ಪಿದ ಅಂತರವನ್ನು ತಿದ್ದಲು ಬರುವುದಿಲ್ಲ. ಆದ್ದರಿಂದ ಉದ್ಘಾಟನೆ ಒಂದು ತಿಂಗಳು ಮುಂದೆ ಹೋದರೂ ಚಿಂತೆಯಿಲ್ಲ, ಕಾಗದದ ಹಂತದಲ್ಲಿ ಅವಸರ ಮಾಡಬೇಡಿ.